ಎಡಗೈಯವಳ ಬೆಲ್ಟು

ಸ್ಟೋರಿನಿಂದ ಬಂದಾಗ ಅದು ಬಲಗೈಯವರ ಬೆಲ್ಟು.
ಬಲಕ್ಕೆ ಪಿಸ್ತೂಲಿನ ಚೀಲ, ಎಡಕ್ಕೆ ಎರಡು ಮ್ಯಾಗಜೀನ್ ಪೌಚು,
ಬೆನ್ನಿಗೆ ಕೈಕೋಳ. ಯಾರದೋ ಸೊಂಟ ಸವೆಸಿದ ಗುರುತು,
ಐದನೇ ತೂತು ಹಿಗ್ಗಿ ಮೊಟ್ಟೆಯಾಕಾರ.
‘ಸಹಿ ಮಾಡ್ರಿ ಮೇಡಂ’ ಅಂದ ಹವಾಲ್ದಾರ ವಿಠೋಬಾ.
ಎಡಗೈಯಲ್ಲಿ ಪೆನ್ನು ಹಿಡಿದೆ.
‘ಅಯ್ಯ’ ಅಂದ. ಅಷ್ಟೇ.

ಆ ‘ಅಯ್ಯ’ ನನಗೆ ಹಳೆಯ ಪರಿಚಯ.
ಗಂಗಾಳಕ್ಕೆ ಎಡಗೈ ಹೋದಾಗಲೆಲ್ಲ ಅವ್ವ ಅಂದದ್ದು,
ಪ್ರಸಾದಕ್ಕೆ ಚಾಚಿದಾಗ ಪೂಜಾರಿ ಅಂದದ್ದು.
ನಾಗನಹಳ್ಳಿಯ ಫೈರಿಂಗ್ ರೇಂಜಿನಲ್ಲಿ ಮಾತ್ರ ಯಾರೂ ಅನ್ನಲಿಲ್ಲ:
ಹತ್ತಕ್ಕೆ ಒಂಬತ್ತು ಗುರಿ ತಾಗಿಸಿದ ಕೈಗೆ
ಎಡ ಬಲ ಕೇಳುವವರು ಯಾರು?

ಠಾಣೆಯ ಕಪಾಟಿನಲ್ಲಿ ಗುಂಡು, ಮನೆಯ ಹಾಸಿಗೆಯಲ್ಲಿ ಖಾಲಿ ಬೆಲ್ಟು.
ಮೂರು ರಾತ್ರಿ ಬಿಚ್ಚಿದೆ, ಪೋಣಿಸಿದೆ.
ಪಿಸ್ತೂಲು ಎಡಕ್ಕೆ ಬಂದರೆ ಪೌಚು ಬಲಕ್ಕೆ ಹೋಗಬೇಕು;
ಅಲ್ಲಿ ವೈರ್‌ಲೆಸ್ಸು ಕೂತಿದೆ. ಅದನ್ನು ಸರಿಸಿದರೆ
ಜೀಪಿನ ಸೀಟು ಕೈಕೋಳವನ್ನು ಬೆನ್ನುಮೂಳೆಗೆ ಒತ್ತುತ್ತದೆ,
ಹೆರಿಗೆಯ ದಿನ ಸೂಜಿ ಚುಚ್ಚಿದ ಜಾಗಕ್ಕೇ ಸರಿಯಾಗಿ.
ಗುಂಡಿನ ಮೂಗು ಬಕ್ಕಲ್ಲಿನ ಕಡೆಗಿರಬೇಕು,
ತೋರುಬೆರಳು ಕತ್ತಲಲ್ಲೂ ಅದನ್ನು ಗುರುತಿಸಬೇಕು.
ಕೈ ಯೋಚಿಸಬಾರದು.
ಯೋಚಿಸುವುದೆಲ್ಲ ಈಗಲೇ, ಈ ಚಾದರದ ಮೇಲೆ ಮುಗಿಯಬೇಕು.
ಮಗಳು ನಿದ್ದೆಯಲ್ಲಿ ಕಾಲು ಚಾಚಿ ಟಾರ್ಚು ಉರುಳಿಸಿದಳು.

ಕೊನೆಗೆ ನಯಾ ಕಮಾನಿನ ಹತ್ತಿರ ಕೂರುವ ಘಾಳೆಪ್ಪ.
ಹೊಲಿಗೆ ಬಿಚ್ಚಿ, ಕುಣಿಕೆ ತಿರುವಿ, ಮೇಣದ ದಾರ ಹಲ್ಲಲ್ಲಿ ಕಚ್ಚಿ
‘ಇದ ಯಾಕ ಇಲ್ಲೇ ಬೇಕ್ರಿ?’ ಒಂದೊಂದಕ್ಕೂ ಕೇಳಿದ.
ಹೇಳಲು ಹೋದರೆ ನನಗೇ ಗೊತ್ತಿರಲಿಲ್ಲ.
ಆತನ ಗೋಣಿತಟ್ಟಿನ ಮೇಲೆ ಆರಿ ಬಲತೊಡೆಯ ಪಕ್ಕ,
ಮೊಳೆಯ ಡಬ್ಬಿ ಅದರಾಚೆ.
ರಂಪಿಗೆ ಮಾತ್ರ ಬೆನ್ನ ಹಿಂದೆ, ಅರಿವೆ ಸುತ್ತಿಕೊಂಡು.
‘ಅದು ದಿನಾ ಬೇಕಲ್ಲ ನಿಮಗ?’
‘ಬೇಕ್ರಿ ಬಾಯಿ. ಆದ್ರ ಗಿರಾಕಿ ಜೋಡಿ ಜಗಳ ಹತ್ತಿದಾಗ
ಮೊದ್ಲ ಕೈಗಿ ಸಿಗಬಾರದ್ರಿ.
ಹೊಳ್ಳಿ ತಗೋಳೂದ್ರಾಗ ಅರ್ಧ ಸಿಟ್ಟು ಇಳೀತದ.’

ಅವತ್ತು ಟಾರ್ಚು ಮುಂದಕ್ಕೆ ಬಂತು, ಪಿಸ್ತೂಲು ನಾಲ್ಕು ಬೆರಳು ಹಿಂದಕ್ಕೆ.

ಭಾಲ್ಕಿ ಕ್ರಾಸಿನ ಢಾಬಾದ ಹಿಂದೆ ಕರೆಂಟು ಹೋಗಿತ್ತು.
ಕಬ್ಬಿನ ಲಾರಿಯವರ ಬಡಿದಾಟ. ಒಬ್ಬ
ಏನೋ ಎತ್ತಿಕೊಂಡು ನನ್ನ ಕಡೆ ತಿರುಗಿದ.
ಎಡಗೈ ತಾನಾಗಿ ಹೋಯಿತು. ಸಿಕ್ಕಿದ್ದು ಟಾರ್ಚು.
ಬೆಳಕು ಬಿದ್ದಾಗ ಅದು ಜಾಕಿನ ಹಿಡಿಕೆ,
ಹಿಡಿದವನು ಹದಿನೇಳರ ಕ್ಲೀನರು,
ಗಲ್ಲದ ಮೇಲೆ ಕಬ್ಬಿನ ರವದಿ ಗೀರಿದ ಗೆರೆ.
ಯಾರೂ ಹೇಳದೆ ಕೆಳಗಿಟ್ಟ.
ನನ್ನ ದೊಡ್ಡತನವೇನೂ ಇಲ್ಲ ಇದರಲ್ಲಿ. ನಾಲ್ಕು ಬೆರಳಿನ ಅಂತರ.
ಇನ್ನೊಂದು ರಾತ್ರಿ ಅದೇ ನಾಲ್ಕು ಬೆರಳು ನನ್ನನ್ನು ಕೊಲ್ಲಬಹುದು;
ಅದನ್ನೂ ಚಾದರದ ಮೇಲೆ ಅಳೆದಿದ್ದೇನೆ.

ಶುಕ್ರವಾರದ ಕವಾಯತು. ಕೆಂಪು ಮಣ್ಣಿನ ಮೈದಾನ,
ಸಾಲಿನಲ್ಲಿ ಎಲ್ಲರದೂ ಬಲಕ್ಕೆ, ನನ್ನದೊಂದು ಎಡಕ್ಕೆ.
ಎಸ್ಪಿ ಸಾಹೇಬರು ನಿಂತರು. ‘ಎರಡನೇ ಪೌಚು ಬಿಚ್ಚಿ.’
ಸರ್ಕಾರ ಕೊಟ್ಟ ಪೌಚು ಎರಡು, ಹೆಚ್ಚುವರಿ ಮ್ಯಾಗಜೀನು ಒಂದೇ.
ವಿಠೋಬಾನ ರಿಜಿಸ್ಟರಿನ ಆ ಕಾಲಮ್ಮಿಗೆ ವರ್ಷಗಳಿಂದ ಅಡ್ಡಗೆರೆ.
ಒಳಗೆ ಘಾಳೆಪ್ಪನ ಮೇಣದ ದಾರದ ಉಂಡೆ, ಒಂದು ದಬ್ಬಣ,
ಮಗಳ ಹಳದಿ ಕ್ಲಿಪ್ಪು. ಅದು ಯಾವಾಗ ಸೇರಿತೋ.

ಸಾಹೇಬರು ಗುಂಡಿ ತಾವೇ ಒತ್ತಿ ಮುಚ್ಚಿದರು,
ಪಕ್ಕದವನ ಬೂಟು ನೋಡಿದರು.