ಗೆರೆ ಎಳೆದ ಕುರ್ಚಿ

ಕಣ್ಣಿನ ಡಾಕ್ಟರು ಪಟ್ಟಿ ಬಿಚ್ಚಿದ ಮೂರನೇ ದಿನ
ಆಯನೂರು ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.
ದುರ್ಗಿಗುಡಿಯ ಹೊಸ ಕೆಫೆಗೆ ಕರೆದೊಯ್ದೆ
ಬಂಗಾರಮ್ಮ ಚಿಕ್ಕಿಯನ್ನು, ಕಪ್ಪು ಕನ್ನಡಕದ ಸಮೇತ.

ಒಳಗೆ ಎಲ್ಲ ಬಿಳಿ. ಬಿಳಿಯ ಅಂಚಿಗೆಲ್ಲ
ಹೆಬ್ಬೆರಳು ದಪ್ಪದ ಕಪ್ಪು ಗೆರೆ:
ಮೇಜು, ಲೋಟ, ಫ್ಯಾನು,
ಸದಾ ಹತ್ತೂ ಹತ್ತು ತೋರಿಸುವ ಗಡಿಯಾರ.
ಮಕ್ಕಳ ಪುಸ್ತಕದ ಹಾಳೆಯೊಳಗೆ
ಬಣ್ಣ ತುಂಬುವ ಮೊದಲೇ ಹೊಕ್ಕಂತೆ ನಾವು.

ಚಿಕ್ಕಿ ಕುರ್ಚಿಯ ಬೆನ್ನು ತಟ್ಟಿದಳು,
ಸಂತೆಯಲ್ಲಿ ಹಲಸು ತಟ್ಟುವ ಹಾಗೆ.
"ಇದು ಕೂರೋದಾ, ಬರೆದದ್ದಾ?"
"ಕೂರೋದು ಅಜ್ಜಿ," ಅಂದ ಟ್ರೇ ಹಿಡಿದ ಅಲ್ತಾಫ್.
ಕೂತಳು, ಅರ್ಧ ಮಾತ್ರ.
ಕಿಟಕಿಯ ಮೇಲಿನ ಬೆಕ್ಕಿಗೆ "ಹುಶ್" ಅಂದಳು.
ಕದಲಲಿಲ್ಲ ಅದು. ಕಿಟಕಿಯೂ ತೆರೆಯುವಂಥದ್ದಲ್ಲ.

ಸುತ್ತ ಹುಡುಗಿಯರು ಫೋಟೋಗೆ ನಿಂತು
ತಾವೂ ಚಿತ್ರವಾಗಲು ಉಸಿರು ಹಿಡಿದಿದ್ದರು.
ನನಗೆ ಎರಡೇ ನಿಮಿಷಕ್ಕೆ ತಲೆ ಸುತ್ತಿತು.
ಚಿಕ್ಕಿ ಮಾತ್ರ ಕನ್ನಡಕ ಹಣೆಗೇರಿಸಿ
(ಏರಿಸಬಾರದು ಅಂದಿದ್ದರು)
ಒಂದೊಂದನ್ನೇ ನೋಡುತ್ತ ಹೇಳಿದಳು:

"ನಾಕು ವರ್ಷ, ಮಾರಾಯ್ತಿ,
ಚೊಂಬು ಎಲ್ಲಿ ಮುಗೀತದೆ, ಕಟ್ಟೆ ಎಲ್ಲಿ ಶುರು,
ತಡವಿಯೇ ಗೊತ್ತಾಗಬೇಕಿತ್ತು.
ಒಲೆಗೂ ಕೈಗೂ ನಡುವೆ ಗೆರೆ ಇರಲಿಲ್ಲ."
ಮಣಿಕಟ್ಟಿನ ಕಲೆಯ ಮೇಲೆ ಸೆರಗು ಎಳೆದುಕೊಂಡಳು.
"ಇಲ್ಲಿ ಯಾರೋ ಪುಣ್ಯಾತ್ಮ
ಎಲ್ಲಕ್ಕೂ ಬೇಲಿ ಹಾಕಿದ್ದಾನೆ ನೋಡು."

ಕಾಫಿ ಬಂತು. ಇಡೀ ಕೋಣೆಯಲ್ಲಿ ಅದೊಂದೇ ಕಂದು.
ಊದಿ ಊದಿ ಕುಡಿದಳು.

ಆಮೇಲೆ ಬಿಲ್ಲು: ಎರಡು ಕಾಫಿ, ಮುನ್ನೂರ ನಲವತ್ತು.
ಹೊಸ ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು,
ಉಗುರಿನಲ್ಲಿ ಸೊನ್ನೆಯನ್ನು ಕೆರೆದು ನೋಡಿ
ಅಲ್ತಾಫನಿಗೆ ವಾಪಸು ಕೊಟ್ಟಳು:
"ಇದೂ ಬರೆದದ್ದೇ ಅಲ್ವಾ ಮಗಾ?"