ಲಕ್ಷ ಕೋಟಿಗೊಂದು

ಶಿನ್‌ಚು ಊರಿನ ಗಾಳಿಗೆ ದೊಡ್ಡ ಹೆಸರು.
ಅಕ್ಕಿ ಶ್ಯಾವಿಗೆ ಒಣಗಿಸುತ್ತದೆ, ಹೆಲ್ಮೆಟ್ಟು ಹಾರಿಸುತ್ತದೆ.
ಮೂರನೆಯ ಮಹಡಿಯ ನಮ್ಮ ಲ್ಯಾಬಿಗೆ ಕಿಟಕಿಯೇ ಇಲ್ಲ.
ಇರುವುದು ಒಂದೇ ಕಣ್ಣು, ಸ್ಕೋಪಿನ ಪರದೆಯ ಮೇಲೆ,
ಅದೂ ಈ ರಾತ್ರಿ ತೆರೆಯಲೊಲ್ಲದು.

ಇದನ್ನು ಬರೆದವರು ಯಾರು, ಹೊಸಬರು ಕೇಳುತ್ತಾರೆ.
ಯಾರೂ ಅಲ್ಲ. ಸೊನ್ನೆ, ಒಂದು, ಒಂದು, ಸೊನ್ನೆ,
ಸಾಲಾಗಿ ಓಡುವ ಬಿಟ್ಟುಗಳನ್ನು
ತುಂಡು ತುಂಡು ಕತ್ತರಿಸಿ
ಒಂದರ ಮೇಲೊಂದು ಪೇರಿಸಿ ನೋಡಿ:
ಏರುವ ಗೆರೆ, ಇಳಿಯುವ ಗೆರೆ, ಇದ್ದಲ್ಲೇ ಇರುವ ಗೆರೆ
ಕೂಡಿ ಎರಡು ರೆಪ್ಪೆ. ನಡುವೆ
ಯಾವ ಗೆರೆಯೂ ಹಾಯದ ಜಾಗ.
ಆ ಬರಿದೇ ಕಣ್ಣು.
ಸಂಬಳ ಕೊಡುವುದು ನಮಗೆ
ಆ ಬರಿದನ್ನು ಅಳೆಯಲಿಕ್ಕೆ.

ಒಂದು ಬಿಟ್ಟಿನ ಉದ್ದವಾದರೂ ಎಷ್ಟು?
ತಾಮ್ರದ ದಾರಿಯ ಮೇಲೆ ಒಂದು ಅಕ್ಕಿಕಾಳು.
ಅಷ್ಟರಲ್ಲೇ ಹೇಳಿ ಮುಗಿಸಬೇಕು, ತಾನು ಸೊನ್ನೆಯೋ ಒಂದೋ.
ಹೇಳಹೊರಟರೆ ಹಿಂದಿನದರ ಎಂಜಲು ಬಾಯಲ್ಲಿ,
ಮುಂದಿನದರ ಮೊಣಕಾಲು ಬೆನ್ನಲ್ಲಿ.

ಕಂಪ್ಯೂಟರಿನಲ್ಲಿ ನಾನು ಲೆಕ್ಕ ಹಾಕಿದ್ದು ಹರಳಿನಂಥ ಕಣ್ಣು.
ಇಲ್ಲಿ ಬಂದದ್ದು
ನಿದ್ದೆಗೆಟ್ಟ ಕಾವಲುಗಾರನ ಪಿಸುರುಗಣ್ಣು.

ಪೆಂಗ್ ಶಿಫು ಎದ್ದು ಬಂದರು. ಹದಿನಾರಕ್ಕೇ
ಗಾಜಿನ ಕಾರ್ಖಾನೆಯಲ್ಲಿ ಊದುಗೊಳವೆ ಹಿಡಿದವರು,
ಕುಲುಮೆ ಆರಿದ ಮೇಲೆ ಬೆಸುಗೆಗೆ ಬಂದವರು.
ಪರದೆಯತ್ತ ನೋಡಲೂ ಇಲ್ಲ.
ಬೋರ್ಡನ್ನು ಬೋರಲು ಹಾಕಿ
ಬೆರಳ ತುದಿಯಿಂದ ತೂತುಗಳನ್ನು ತಡವಿ,
‘ಇದಕ್ಕೆ ಬಾಲ ಬಿಟ್ಟಿದ್ದಾರೆ’ ಎಂದರು.

ಪದರದಿಂದ ಪದರಕ್ಕೆ ಸಂಕೇತ ಇಳಿಯುವ ತೂತು.
ಒಂಬತ್ತನೆಯ ಪದರದಲ್ಲೇ ಅದು ತನ್ನ ದಾರಿ ಹಿಡಿದರೂ
ತೂತಿನ ತಾಮ್ರ ತಳದ ತನಕ.
ಉಳಿದದ್ದು ಎರಡೂವರೆ ಮಿಲಿಮೀಟರು, ಕುರುಡು ಓಣಿ.
ಸಂಕೇತದ ಒಂದು ಪಾಲು ಅಲ್ಲಿಗೂ ಹೋಗುತ್ತದೆ,
ಗೋಡೆ ಮುಟ್ಟಿ ವಾಪಸಾಗುತ್ತದೆ
ತಡವಾಗಿ, ಬೇರೊಬ್ಬರ ಸರದಿಯಲ್ಲಿ.

ರಾತ್ರಿ ಹನ್ನೊಂದಕ್ಕೆ ತಾವ್‌ಯುವಾನಿನ ಯಾರಿಗೋ ಫೋನು,
ಹಕ್ಕಾ ಭಾಷೆಯಲ್ಲಿ ಬೈಗಳು, ಆಮೇಲೆ ನಗೆ.
ಬೋರ್ಡನ್ನು ಮಳೆಯಂಗಿಯಲ್ಲಿ ಸುತ್ತಿ
ಸ್ಕೂಟರು ಹತ್ತಿಯೇಬಿಟ್ಟರು.
ಅಲ್ಲಿ ಕೆಳಗಿನಿಂದ ಕೊರೆದು ಬಾಲ ತೆಗೆದರಂತೆ.
ಏನೂ ಸೇರಿಸಲಿಲ್ಲ.

ಮರುರಾತ್ರಿ ಕಣ್ಣು ಬಿಟ್ಟಿತು.
ನಡುವೆ ಷಟ್ಕೋನದ ಬೇಲಿ ಹಾಕಿ ಕೂತೆವು:
ಒಳಗೆ ಯಾರೂ ಕಾಲಿಡಕೂಡದು.
ಮೂವತ್ತಾರು ಸೆಕೆಂಡಿಗೆ ಲಕ್ಷ ಕೋಟಿ ಬಿಟ್ಟು ಹರಿಯುತ್ತವೆ,
ಲಕ್ಷ ಕೋಟಿಗೊಂದು ತಪ್ಪಿದರೆ ಮಾಫಿ ಎನ್ನುತ್ತದೆ ನಿಯಮ.
ಒಂದು ಗಂಟೆ. ಎರಡು. ಬೇಲಿಯೊಳಗೆ ಸೊನ್ನೆ.
ಮೂರು ನಲವತ್ತೊಂದಕ್ಕೆ
ಒಂದು ಚುಕ್ಕೆ.

‘ಒಂದು ತಾನೇ, ಪಾಸ್ ಅಂತ ಬರಿ’
ಫೋನಿನಲ್ಲಿ ಮ್ಯಾನೇಜರ್ ಚುಂಗ್, ನಿದ್ದೆಯ ಬಾಯಲ್ಲಿ.
ಬರೆಯಬಹುದಿತ್ತು. ಪೆನ್ನೂ ತೆಗೆದಿದ್ದೆ.
ಪೆಂಗ್ ಶಿಫು ಪೆನ್ನು ಕಸಿಯಲಿಲ್ಲ, ಕುರ್ಚಿ ಎಳೆದುಕೊಂಡರು.
‘ಬಿಸಿ ತಟ್ಟೆಗೆ ಗುಳ್ಳೆ ಒಂದೇ ಇರುತ್ತಿತ್ತು’ ಎಂದಷ್ಟೇ ಹೇಳಿ
ಸುಮ್ಮನಾದರು.

ಕಾದೆವು. ಎರಡನೆಯ ಚುಕ್ಕೆ ಬಿದ್ದ ಗಳಿಗೆಗೇ
ಗೋಡೆಯಾಚೆ ಫ್ರಿಜ್ಜು ಗುರ್ರ್ ಎಂದಿತು.
ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.
ಪ್ಲಗ್ಗು ಕಿತ್ತೆವು.

ಒಳಗಿದ್ದದ್ದು ಅವರ ಹೆಂಡತಿ ಕಟ್ಟಿಕೊಟ್ಟ
ಒಣ ಪರ್ಸಿಮನ್ ಹಣ್ಣು, ಬಿಳಿ ಸಕ್ಕರೆ ಬೂದಿಟ್ಟದ್ದು.
ಕೆಡುತ್ತವಲ್ಲ, ತಿಂದೆವು, ಹನ್ನೊಂದನ್ನೂ.
ಒಣಗಿಸಿದ್ದು ಹೊರಗಿನ ಆ ಗಾಳಿಯೇ;
ಕಿಟಕಿಯಿಲ್ಲದ ಕೋಣೆಗೆ ಹೀಗೆ ಬಂತು.

ಎಣಿಕೆ ಸೊನ್ನೆಯಿಂದ ಮತ್ತೆ ಶುರುವಾಗಬೇಕು.
ಬೆರಳೆಲ್ಲ ಅಂಟು.
ಗುಂಡಿಯನ್ನು ಮೊಣಕೈಯಲ್ಲಿ ಒತ್ತಿದೆ.