ಆರನೇ ಕೋಣಿಯ ಕೋಡು

ವಾಡಿ ಜಂಕ್ಷನ್ನಿನ ಹಿಂದಿನ ಓಣ್ಯಾಗ
ನಮ್ಮ ಲಾಡ್ಜಿಗಿ ಎಂಟು ಕೋಣಿ, ಎಂಟು ಟಿ.ವಿ.
ಒಂದರ ಮಾರಿ ಇನ್ನೊಂದಕ್ಕ ಹೋಲಂಗಿಲ್ಲ.
ಬಾಕಿ ತೀರಸಲಾರದ ಗಿರಾಕಿ ಬಿಟ್ಟು ಹೋದದ್ದು ಒಂದು,
ಸಾಹುಕಾರ್ತಿ ತವರಿನದು ಒಂದು,
ಫ್ಯಾಕ್ಟರಿ ಕ್ವಾರ್ಟರ್ಸಿನ ಲಿಲಾವಿನ್ಯಾಗ ತೂಕಕ್ಕ ಹಾಕಿ ತಂದದ್ದು ಮೂರು.
ರಿಮೋಟು ಮಾತ್ರ ಒಂದೊಂದಾಗಿ ರೈಲು ಹತ್ತಿದ್ವು
ಯಾರದೋ ಚೀಲದಾಗ, ಸೋಲಾಪುರಕ್ಕೋ ಗುಂತಕಲ್ಲಿಗೋ.
ಉಳಿದ ಒಂದಕ್ಕ ಬೆನ್ನ ಮುಚ್ಚಳಿಲ್ಲ,
ರಬ್ಬರ್ ಬ್ಯಾಂಡಿನ ಉಡದಾರ.

ಸಾಹುಕಾರ ಕಲಬುರಗಿ ಸೂಪರ್ ಮಾರ್ಕೆಟ್ಟಿನಿಂದ
ನೂರಾ ಮೂವತ್ತು ರೂಪಾಯಿಗಿ ಹೊಸಾದು ತಂದ.
"ಸೈಬಣ್ಣ, ಇದು ಎಲ್ಲಾ ಟಿ.ವಿ.ಗೂ ನಡೀತದಂತ.
ಮೊದಲ ನೀ ಕಲಸಬೇಕು. ಕಳದ್ರ ಪಗಾರದಾಗ ಹಿಡೀತೀನಿ."
ಸಂಗಟ ಒಂದು ಕಾಗದ, ಇರುವಿ ಅಕ್ಷರ,
ನನಗ ಓದಲಿಕ್ಕ ಬಂದದ್ದು ಅಂಕಿ ಅಷ್ಟೇ.
ಅಂಕಿ ಸಾಕಿತ್ತು.

ಸೆಟ್ ಅಂಬೋ ಗುಂಡಿ ಒತ್ತಿ ಹಿಡಿ,
ಮೂಗಿನ ತುದಿಗಿ ಕೆಂಪು ದೀಪ ಹತ್ತೂತನ.
ಬಿಡು. ಮೂರಂಕಿ ಬಡಿ.
ಹೊಂದಿದ್ರ ಟಿ.ವಿ. ಆರ್ತದ.
ಇದು ನನಗ ಮೊದಲ ದಿನ ತಿಳೀಲೇ ಇಲ್ಲ.
ಗುರುತು ಸಿಕ್ತಂದ್ರ ಕಣ್ಣು ತೆರೀಬೇಕಲ್ಲ,
ಇದ್ಯಾಕ ಮುಚ್ಚತದ?

ಏಳು ಕೋಣಿ ಎರಡು ರಾತ್ರಿನಾಗ ಬಗ್ಗಿದ್ವು.
ಐದನೇದಕ್ಕ ಒತ್ತಿದ್ರ ವೆಂಟಿಲೇಟರ್ ಹಾದು
ನಾಕನೇದು ಬಂದಾತು.
ಒಳಗಿನ ಮೆಣಸಿನಕಾಯಿ ವ್ಯಾಪಾರಿ ಬಾಗಿಲು ತೆರದು
"ಬಾಳ ಉಪಕಾರ ಆತು ತಮ್ಮಾ,
ಸಂಜಿಂದ ಅದರ ಬಾಯಿ ಮುಚ್ಚಸಲಿಕ್ಕ ಬರವಲ್ದಾಗಿತ್ತು" ಅಂದ.
ಕೋಡು ಬಾಗಿಲ ಹಿಂದ ಸುಣ್ಣದ ಕಡ್ಡೀಲೆ ಬರದೆ,
ಹಾಲಿನ ಲೆಕ್ಕ ಬರದಂಗ.

ಆರನೇದು ಹೆಸರಿಲ್ಲದ ಟಿ.ವಿ.
ಹಣಿ ಮ್ಯಾಲಿನ ಅಕ್ಷರ ಯಾರೋ ಕೆರದಾರ.
ಕಾಗದದಾಗಿನ ಅಂಕಿ ಎಲ್ಲಾ ಬಡದೆ. ಒಲ್ಲದು.
ಕಡೀಕ ಉಳದದ್ದು ಒಂದೇ ದಾರಿ:
ಒತ್ತು, ನೋಡು. ಒತ್ತು, ನೋಡು.
ಒಂದೊಂದು ಒತ್ತಿಗಿ ಒಂದೊಂದು ಕೋಡು ತಾನೇ ತಿರಗ್ತದ.
ಆರಿದ ಗಳಿಗ್ಯಾಗ ಬೆರಳು ತಡೀಬೇಕು,
ಒಂದು ಹೆಚ್ಚಾತೋ, ಮತ್ತ ಮೊದಲಿನಿಂದ.

ಆ ರಾತ್ರಿ ಅದರಾಗ ಇದ್ದಾಂವ ಓಬುಳೇಸು,
ಮಾಲಗಾಡಿ ಗಾರ್ಡು,
ರನ್ನಿಂಗ್ ರೂಮಿನ ತಿಗಣಿ ತಾಳಲಾರದೆ ಬಂದಾಂವ.
"ನೀ ಒತ್ತಪ್ಪಾ, ನಾ ಎಣಿಸ್ತೀನಿ."
ಮಂಚದ ತುದಿಗಿ ನಾ, ತಲದಿಂಬಿಗಿ ಅವ,
ಟಿ.ವಿ.ಯಾಗ ಯಾವಾಕಿಯೋ ಪಾತ್ರಿ ತಿಕ್ಕೋ ಪುಡಿ ಹೊಗಳ್ಲಿಕತ್ತಿದ್ದಳು.
ಎಂಬತ್ತು. ತೊಂಬತ್ತು. ನೂರಾ ಹತ್ತು.
ಹೆಬ್ಬಟ್ಟು ಜುಮ್ಮಂತು.
ನೂರಾ ನಲವತ್ತಕ್ಕ ಹೊರಗ ಕಲ್ಲಿದ್ದಲ ಗಾಡಿ ಬಂತು,
ಕಿಟಕಿ ಗಾಜು, ಹೂಜಿ, ನನ್ನ ಲೆಕ್ಕ ಎಲ್ಲಾ ನಡುಗಿದ್ವು.
ಅವ ಮಾತ್ರ ಎರಡೂ ಹಿಡದಿದ್ದ:
ಎಡಗೈ ಬೆರಳೀಲೆ ವ್ಯಾಗನ್ನು, ಬಾಯೀಲೆ ನನ್ನ ಒತ್ತು.

ನೂರಾ ಎಪ್ಪತ್ಮೂರು.
ಟಿ.ವಿ. ಆರಿತು.
"ಸಿಕ್ತು!" ಅಂತ ಕುಣದೆ.
ಆಮ್ಯಾಲ ಕೇಳಿಸ್ತು
ಫ್ಯಾನು ನಿಂತ ಸಪ್ಪಳ.
ವರಾಂಡದಾಗ ಕತ್ತಲಿ, ಓಣ್ಯಾಗ ಕತ್ತಲಿ,
ಫ್ಯಾಕ್ಟರಿ ಚಿಮಣಿ ದೀಪ ಒಂದು ಬಿಟ್ರ
ಊರಿಗೂರೇ ಇಲ್ಲ.

ಈಗ ಹ್ಯಾಂಗ ಹೇಳಬೇಕು?
ಅದು ನನ್ನ ಗುರುತು ಹಿಡದು ಕಣ್ಣು ಮುಚ್ಚಿತೋ,
ಜೆಸ್ಕಾಂನವ್ರು ಮುಚ್ಚಿಸಿದ್ರೋ.
ರಿಮೋಟಿನ ಮೂಗಿನ ಮ್ಯಾಲ ಸಾಸಿವಿಯಷ್ಟು ಕೆಂಪು.
ಓಬುಳೇಸು ಬೀಡಿ ಹಚ್ಚಿದ. ಎರಡಾದ್ವು.
ಹೊರಗ ಕಡೀ ಡಬ್ಬಿ ಹಾದು ಹೋತು,
ಅದರ ಬೆನ್ನಿಗೂ ಒಂದು.
"ಕೆಂಪು ಕಂಡ್ರ ಗಾಡಿ ಪೂರಾ ಬಂತು ಅಂತ" ಅಂದ.
"ನಡುವ ಏನೂ ಕಳಚಿಲ್ಲ."
ಬೆರಳು ಎತ್ತಬ್ಯಾಡ ಅಂದ. ಎತ್ತಲಿಲ್ಲ.

ನಸಿಕಿನ್ಯಾಗ ಎಚ್ಚರಾದಾಗ ಫ್ಯಾನು ತಿರಗ್ತಿತ್ತು,
ಟಿ.ವಿ.ಯಾಗ ಯಾರೋ ಭಜನಿ ಮಾಡ್ಲಿಕತ್ತಿದ್ರು,
ಮಂಚ ಖಾಲಿ, ರಿಮೋಟು ನನ್ನ ಎದಿ ಮ್ಯಾಲ.
ಬಾಗಿಲ ಹಿಂದ ಗುಂಡನ್ನ ಅಂಕಿಯಾಗ
173 ಅಂತ ಬರದಿತ್ತು. ಬಾಜೂಕ 59.
ಯಾವದು ಗಾಡಿ, ಯಾವದು ಒತ್ತು
ಅಂಬೋದು ನನಗ ಗೊತ್ತದ.
ಆದರ ಯಾಕೋ ಏನೋ
ಮೊದಲ ಸೊನ್ನಿ ಐದು ಒಂಬತ್ತು ಬಡದೆ.